ಪ್ರವೇಶ ನಿರ್ಬಂಧ ಮತ್ತು ವೀಸಾ ನಿರಾಕರಣೆ: ಹಿಂಸೆಗೆ ಕುಮ್ಮಕ್ಕು ಕೊಡುವ ಭಾಷಣಕಾರರ ವಿರುದ್ಧದ ಚಳವಳಿಗಳು

ರಾಜಕೀಯ ಹಿಂಸೆಗೆ ಕುಮ್ಮಕ್ಕು ಕೊಡುವ ಭಾಷಣಕಾರರು ತಮ್ಮ ದೇಶಕ್ಕೋ ರಾಜ್ಯಕ್ಕೋ ಜಿಲ್ಲೆಗೋ ಕಾಲಿಡದಂತೆ ತಡೆಯಬೇಕೆಂದು ನಾಗರಿಕರು ಸರ್ಕಾರವನ್ನು ಒತ್ತಾಯಿಸುವ ಚಳವಳಿಗಳು ಹಲವು ದೇಶಗಳಲ್ಲಿ ನಡೆದಿವೆ. ಬರುವವರು ಹೊರದೇಶದವರಾದರೆ ಈ ತಡೆ ವೀಸಾ ನಿರಾಕರಣೆಯ ರೂಪ ತಾಳುತ್ತದೆ. ಭಾರತದ ಪ್ರಜೆಗಳೇ ಆದರೆ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರು ಹೊರಡಿಸುವ ನಿಷೇಧಾಜ್ಞೆಯ ರೂಪ ತಾಳುತ್ತದೆ. ಎರಡಕ್ಕೂ ಕಾನೂನು ಬೇರೆ, ಅಧಿಕಾರಿಗಳು ಬೇರೆ, ಮೇಲ್ಮನವಿಯ ದಾರಿಯೂ ಬೇರೆ. ಆದರೆ ಒತ್ತಾಯಿಸುವವರ ವಾದ ಒಂದೇ: ಈ ವ್ಯಕ್ತಿ ಹಿಂದೆ ಮಾತನಾಡಿದ ಊರುಗಳಲ್ಲಿ ಏನಾಯಿತು ನೋಡಿ, ಅದು ನಮ್ಮೂರಿಗೆ ಬೇಡ. ಈ ವಾದಕ್ಕೆ ಭಾರತದ ಸುಪ್ರೀಂ ಕೋರ್ಟ್ ಮನ್ನಣೆ ಕೊಟ್ಟದ್ದು 2004ರಲ್ಲಿ, ಕರ್ನಾಟಕದ್ದೇ ಪ್ರಕರಣದಲ್ಲಿ. ಇದೇ ಅಧಿಕಾರವನ್ನು ಹಿಂಸೆಯ ಮಾತನ್ನೇ ಆಡದವರ ಮೇಲೂ ಪ್ರಯೋಗಿಸಿದ ಉದಾಹರಣೆಗಳು ಕಡಿಮೆಯಿಲ್ಲ. ಮೂರು ರಾಜ್ಯಗಳು ಕೂಡುವ ಚಾಮರಾಜನಗರ, ಗುಂಡ್ಲುಪೇಟೆಗಳ ಗಡಿಯಲ್ಲಿ ನಿಂತು ನೋಡಿದರೆ ಈ ಎರಡು ಮುಖಗಳೂ ಸ್ಪಷ್ಟವಾಗಿ ಕಾಣುತ್ತವೆ.

ಗಡಿ ಜಿಲ್ಲೆ

ಮೈಸೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಚಾಮರಾಜನಗರ ಕರ್ನಾಟಕದ ದಕ್ಷಿಣ ತುದಿಯ ಜಿಲ್ಲೆ. ಮೈಸೂರಿನಿಂದ ನಂಜನಗೂಡು ಮಾರ್ಗವಾಗಿ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮದ್ದೂರು, ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಯತ್ತ ಹೋಗುತ್ತದೆ. ಇನ್ನೊಂದು ಬಂಡೀಪುರ, ಕೆಕ್ಕನಹಳ್ಳದ ಮೇಲೆ ತಮಿಳುನಾಡಿನ ಗೂಡಲೂರು, ಊಟಿಯತ್ತ ಸಾಗುತ್ತದೆ. ಚಾಮರಾಜನಗರದಿಂದ ಪುಣಜನೂರು ದಾಟುವ ರಸ್ತೆ ಹಾಸನೂರಿನ ಮೇಲೆ ಹಾದು ದಿಂಬಂ ಘಟ್ಟ ಇಳಿದು ಸತ್ಯಮಂಗಲ ಸೇರುತ್ತದೆ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಒಬ್ಬ ಭಾಷಣಕಾರನನ್ನು ಜಿಲ್ಲೆಯ ಹೊರಗೇ ನಿಲ್ಲಿಸಬೇಕೆಂಬ ಆದೇಶ ಹೊರಬಿದ್ದರೆ ಅದು ಜಾರಿಯಾಗುವುದು ಇಂಥ ಚೆಕ್‌ಪೋಸ್ಟ್‌ಗಳಲ್ಲೇ. ರಾಹುಲ್ ಗಾಂಧಿಯವರ ಭಾರತ ಜೋಡೊ ಯಾತ್ರೆ 2022ರ ಸೆಪ್ಟೆಂಬರ್ 30ರಂದು ಕರ್ನಾಟಕ ಪ್ರವೇಶಿಸಿದ್ದೂ ಗುಂಡ್ಲುಪೇಟೆಯ ಮೂಲಕವೇ.

ಇಂದು ಒಂದೇ ಜಿಲ್ಲೆಯಾಗಿರುವ ಈ ಪ್ರದೇಶ ಸ್ವಾತಂತ್ರ್ಯಪೂರ್ವದಲ್ಲಿ ಎರಡು ಆಳ್ವಿಕೆಗಳಲ್ಲಿ ಹಂಚಿಹೋಗಿತ್ತು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಮಹಾರಾಜರ ಸಂಸ್ಥಾನದಲ್ಲಿದ್ದವು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ ಹಾಗೆಯೇ ಇತ್ತು. ಮೈಸೂರು ಸರ್ಕಾರ ಕಾಂಗ್ರೆಸ್ ಭಾಷಣಕಾರರ ಬಾಯಿಗೆ ಬೀಗ ಹಾಕಲು ಪೊಲೀಸ್ ಆದೇಶಗಳನ್ನು ಧಾರಾಳವಾಗಿ ಬಳಸಿತು. 1937ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು ಸಭೆಗಳಲ್ಲಿ ಮಾತನಾಡದಂತೆ ನಿರ್ಬಂಧ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಂಬಯಿಯ ಕೆ.ಎಫ್. ನಾರಿಮನ್ ಅವರನ್ನು ಬೆಂಗಳೂರಿನಲ್ಲಿ ಬಂಧಿಸಲಾಯಿತು. ಜನ ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಮೈಸೂರಿನ ದಮನ ನೀತಿಯ ವಿರುದ್ಧ ಕಲ್ಕತ್ತಾದಲ್ಲಿ ಸೇರಿದ್ದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ನಿರ್ಣಯ ಕೈಗೊಂಡಿತು. ಆ ಹೊತ್ತಿಗೆ ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತ್ತು. ಮೈಸೂರಿನ ಆದೇಶಕ್ಕೆ ಚಾಮರಾಜನಗರದಲ್ಲಿ ಇದ್ದ ಬಲ ಪಕ್ಕದ ಕೊಳ್ಳೇಗಾಲದಲ್ಲಿ ಇರಲಿಲ್ಲ. ಶಾಂತಿಭಂಗದ ಹೆಸರಿನಲ್ಲಿ ಸರ್ಕಾರ ಯಾರನ್ನು ಹೊರಗಿಡುತ್ತದೆ ಎಂಬುದು ಅಂದು ಆಳುವವರ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ಹೊರಗುಳಿದವರು ಅಹಿಂಸೆಯನ್ನೇ ವ್ರತವಾಗಿ ಹಿಡಿದ ಚಳವಳಿಯವರು. ಇಂದು ಈ ಅಧಿಕಾರದ ಬಳಕೆಗೆ ಒತ್ತಾಯಿಸುವ ಪ್ರತಿಯೊಬ್ಬರೂ 1937ನ್ನು ನೆನಪಿಡಬೇಕು.

ರಾಜಕೀಯ ಹಿಂಸೆ ಎಂದರೇನು ಎಂಬುದನ್ನು ಈ ಸೀಮೆ ಬೇರೊಂದು ರೀತಿಯಲ್ಲೂ ಕಂಡಿದೆ. 2000ದ ಜುಲೈ 30ರ ರಾತ್ರಿ ತಾಳವಾಡಿ ಸಮೀಪದ ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ಕನ್ನಡ ಚಿತ್ರನಟ ಡಾ. ರಾಜಕುಮಾರ್ ಅವರನ್ನು ಅಪಹರಿಸಿದ. ಊರು ತಮಿಳುನಾಡಿನದಾದರೂ ಚಾಮರಾಜನಗರಕ್ಕೆ ಹತ್ತಿರದ್ದು. ಅವರ ಬಿಡುಗಡೆಯಾಗುವಷ್ಟರಲ್ಲಿ 108 ದಿನ ಕಳೆದಿದ್ದವು. ತಮಿಳು ಉಗ್ರ ರಾಷ್ಟ್ರವಾದಿ ಗುಂಪುಗಳ ಬೇಡಿಕೆಗಳು ಧ್ವನಿಸುರುಳಿಗಳಲ್ಲಿ ಕಾಡಿನಿಂದ ಹೊರಬಂದವು. ಟಾಡಾ ಕಾಯ್ದೆಯಡಿ ಬಂಧಿತರಾಗಿದ್ದವರ ಬಿಡುಗಡೆ ಆ ಬೇಡಿಕೆಗಳಲ್ಲಿ ಒಂದು. ಸರ್ಕಾರಗಳು ಅದಕ್ಕೆ ಮಣಿಯಲು ಸಿದ್ಧವಾದಾಗ, 1992ರಲ್ಲಿ ಮೀಣ್ಯಂ ಬಳಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾಗಿದ್ದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ವೃದ್ಧ ತಂದೆ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್‌ನಲ್ಲಿ ನ್ಯಾಯಾಲಯ ಆ ಬಿಡುಗಡೆಗೆ ಅವಕಾಶ ಕೊಡಲಿಲ್ಲ. ಹಿಂಸೆಯ ಬೆದರಿಕೆಗೆ ಸರ್ಕಾರ ತಲೆಬಾಗಬಾರದು ಎಂದು ಒಬ್ಬ ನಾಗರಿಕ ಏಕಾಂಗಿಯಾಗಿ ಕಾನೂನಿನ ದಾರಿಯಲ್ಲಿ ಹೋರಾಡಿ ಗೆದ್ದ ಪ್ರಸಂಗವಿದು. ಚಾಮರಾಜನಗರದ ಇತಿಹಾಸದಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಮಂಗಳೂರಿನ ಆದೇಶ, 2003

ವಿಶ್ವ ಹಿಂದೂ ಪರಿಷತ್ತಿನ ಅಂದಿನ ನಾಯಕ ಪ್ರವೀಣ್ ತೊಗಾಡಿಯಾ 2003ರ ಫೆಬ್ರವರಿ 13ರಂದು ಮಂಗಳೂರಿನ ಸಮಾವೇಶವೊಂದರಲ್ಲಿ ಮಾತನಾಡುವವರಿದ್ದರು. ದಕ್ಷಿಣ ಕನ್ನಡದಲ್ಲಿ ಅದಕ್ಕೂ ಹಿಂದೆ ಮತೀಯ ಘರ್ಷಣೆಗಳು ನಡೆದು ಪ್ರಾಣಹಾನಿಯಾಗಿತ್ತು. ಅಪರ ಜಿಲ್ಲಾ ದಂಡಾಧಿಕಾರಿ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ನಿನಡಿ ಆದೇಶ ಹೊರಡಿಸಿ, ಫೆಬ್ರವರಿ 10ರಿಂದ 15 ದಿನಗಳ ಕಾಲ ತೊಗಾಡಿಯಾ ಜಿಲ್ಲೆಯೊಳಗೆ ಬರುವಂತಿಲ್ಲ, ಯಾವ ಸಭೆಯಲ್ಲೂ ಭಾಗವಹಿಸುವಂತಿಲ್ಲ ಎಂದರು. ಕರ್ನಾಟಕ ಹೈಕೋರ್ಟ್ ಈ ಆದೇಶವನ್ನು ರದ್ದುಪಡಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ನ್ಯಾಯಮೂರ್ತಿಗಳಾದ ದೊರೈಸ್ವಾಮಿ ರಾಜು ಮತ್ತು ಅರಿಜಿತ್ ಪಸಾಯತ್ ಅವರ ಪೀಠ 2004ರ ಮಾರ್ಚ್ 31ರಂದು ತೀರ್ಪು ಕೊಡುವ ವೇಳೆಗೆ ಆ 15 ದಿನಗಳು ಕಳೆದು ವರ್ಷವಾಗಿತ್ತು. ಆದರೂ ತತ್ತ್ವದ ಪ್ರಶ್ನೆ ಉಳಿದಿತ್ತು. ಹೈಕೋರ್ಟಿನ ನಿಲುವು ಸರಿಯಲ್ಲ ಎಂದು ಪೀಠ ಹೇಳಿತು. ಸಭೆಯಲ್ಲಿ ಒಬ್ಬ ವ್ಯಕ್ತಿಯ ಹಾಜರಿಯೇ ಶಾಂತಿಗೆ ಅಪಾಯ ತರುವಂತಿದ್ದರೆ, ಅವರು ಭಾಗವಹಿಸಿದ ಬೇರೆ ಊರುಗಳಲ್ಲಿ ಹಿಂದೆ ನಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡು ಆದೇಶ ಹೊರಡಿಸಬಹುದು. ಸ್ಥಳೀಯ ಪರಿಸ್ಥಿತಿಯನ್ನು ಅಳೆಯುವ ಕೆಲಸ ಆಡಳಿತದ್ದು. ಆದೇಶ ಮೇಲ್ನೋಟಕ್ಕೇ ಕಾನೂನುಬಾಹಿರವಾಗಿದ್ದರೆ ಅಥವಾ ಅಧಿಕಾರದಲ್ಲಿರುವವರ ರಾಜಕೀಯ ದ್ವೇಷದಿಂದ ಹುಟ್ಟಿದ್ದರೆ ಮಾತ್ರ ನ್ಯಾಯಾಲಯ ಕೈಹಾಕಬೇಕು. ತೀರ್ಪಿನ ತಿರುಳು ಇಷ್ಟು.

ಇದರಲ್ಲಿ ಎರಡು ಅಂಶಗಳು ಕೂಡಿಕೊಂಡಿವೆ. ಹಿಂದಿನ ನಡವಳಿಕೆಯ ದಾಖಲೆ ಆದೇಶಕ್ಕೆ ಆಧಾರವಾಗಬಹುದು ಎಂಬುದು ಒಂದು. ರಾಜಕೀಯ ಸೇಡು ಆದೇಶವನ್ನು ಕೆಡಿಸುತ್ತದೆ ಎಂಬುದು ಇನ್ನೊಂದು. ಮುಂದಿನ ಎರಡು ದಶಕಗಳಲ್ಲಿ ರಾಜ್ಯದ ಅಧಿಕಾರಿಗಳು ಮೊದಲನೆಯದನ್ನು ಎತ್ತಿ ಹಿಡಿದಷ್ಟು ಎರಡನೆಯದನ್ನು ನೆನಪಿಟ್ಟುಕೊಂಡಿಲ್ಲ.

ತೀರ್ಪಿನ ಅನಂತರ

2015ರ ಫೆಬ್ರವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ವಿರಾಟ್ ಹಿಂದೂ ಸಮಾಜೋತ್ಸವ ಏರ್ಪಾಡಾಯಿತು. ನಗರ ಪೊಲೀಸ್ ಆಯುಕ್ತರು ತೊಗಾಡಿಯಾ ನಗರ ಪ್ರವೇಶಿಸದಂತೆ ಆದೇಶಿಸಿದರು. ಅವರು ಬರಲಿಲ್ಲ, ಅವರ ಮಾತು ಬಂತು: ಮೊದಲೇ ಚಿತ್ರೀಕರಿಸಿದ ಭಾಷಣವನ್ನು ಮೈದಾನದ ದೊಡ್ಡ ಪರದೆಯ ಮೇಲೆ ತೋರಿಸಲಾಯಿತು. ಅದೇ ತಿಂಗಳು ಸಂಸದ ಅಸಾದುದ್ದೀನ್ ಓವೈಸಿಯವರ ಶಿವಾಜಿನಗರದ ಸಭೆಗೂ ಪೊಲೀಸರು ಅನುಮತಿ ಕೊಡಲಿಲ್ಲ. ಕಾಡಿನಿಂದ ಬಂದ ಧ್ವನಿಸುರುಳಿಯಿಂದ ಬಸವನಗುಡಿಯ ಪರದೆಯವರೆಗೆ ಒಂದು ಸಂಗತಿ ಬದಲಾಗಿಲ್ಲ. ಆದೇಶ ತಡೆಯುವುದು ವ್ಯಕ್ತಿಯನ್ನು, ಧ್ವನಿಯನ್ನಲ್ಲ. ಹಾಗೆಂದು ಆದೇಶ ವ್ಯರ್ಥ ಎನ್ನಲಾಗದು. ಸಾವಿರಾರು ಜನರ ಎದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ಹುರಿದುಂಬಿಸುವುದಕ್ಕೂ ಪರದೆಯ ಮೇಲಿನ ಮಾತಿಗೂ ವ್ಯತ್ಯಾಸವಿದೆ. ಸಭೆ ಮುಗಿದ ಮೇಲೆ ಮೆರವಣಿಗೆಯ ಮುಂದೆ ನಡೆಯಲು ಪರದೆಗೆ ಆಗುವುದಿಲ್ಲ.

2015 ಮುಗಿದು 2016 ಕಾಲಿಡುವ ಹೊತ್ತಿಗೆ ಮಂಗಳೂರಿನ ಪೊಲೀಸ್ ಆಯುಕ್ತರು ಧರ್ಮಪ್ರಚಾರಕ ಜಾಕಿರ್ ನಾಯ್ಕ್ ಅವರ ನಗರ ಪ್ರವೇಶವನ್ನು ಕೆಲ ದಿನಗಳ ಮಟ್ಟಿಗೆ ನಿಷೇಧಿಸಿದರು. ನೆಹರೂ ಮೈದಾನದ ಸಮಾವೇಶಕ್ಕೆ ಅವರು ಬರುವವರಿದ್ದರು. ಆಕ್ಷೇಪ ಹಿಂದೂ ಸಂಘಟನೆಗಳಿಂದಷ್ಟೇ ಬರಲಿಲ್ಲ, ಸುನ್ನಿ ಮುಸ್ಲಿಂ ಸಂಘಟನೆಗಳೂ ವಿರೋಧಿಸಿದವು. ಇದು ಗಮನಿಸಬೇಕಾದ ಸಂಗತಿ. ಭಾಷಣಕಾರನ ಸ್ವಂತ ಸಮುದಾಯದ ಒಳಗಿನಿಂದಲೇ ಬರುವ ಆಕ್ಷೇಪಕ್ಕೆ ಎದುರಾಳಿಗಳ ಆಕ್ಷೇಪಕ್ಕಿಲ್ಲದ ತೂಕವಿರುತ್ತದೆ.

ಶ್ರೀರಾಮ ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಅವರಿಗೆ ಗೋವಾ ಸರ್ಕಾರ 2014ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ನಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯ ನಂತರ ಅವರ ಹೆಸರು ದೇಶದುದ್ದಕ್ಕೂ ಕೇಳಿಬಂದಿತ್ತು. ನಿರ್ಬಂಧದ ಆದೇಶ ಮತ್ತೆ ಮತ್ತೆ ನವೀಕರಣವಾಯಿತು. ಅವರ ಅರ್ಜಿಯನ್ನು 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೆ ಪಬ್ ಪ್ರಕರಣದಲ್ಲಿ 2018ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಅವರನ್ನೂ ಇತರರನ್ನೂ ಖುಲಾಸೆಗೊಳಿಸಿತು. ನಿರ್ಬಂಧಕ್ಕೆ ಕಾರಣವಾಗಿ ತೋರಿಸುವ ಪ್ರಕರಣ ಸಾಬೀತಾಗದೆ ಹೋದಾಗ ನಿರ್ಬಂಧದ ನೈತಿಕ ನೆಲೆ ಸಡಿಲವಾಗುತ್ತದೆ. ಮುನ್ನೆಚ್ಚರಿಕೆಯ ಆದೇಶಕ್ಕೆ ಅಪರಾಧ ಸಾಬೀತಾಗಿರಬೇಕಿಲ್ಲ ಎಂಬುದು ಕಾನೂನಿನ ಮಾತು. ತನಿಖೆ ಮತ್ತು ವಿಚಾರಣೆಯನ್ನು ಗಟ್ಟಿಯಾಗಿ ನಡೆಸಲಾಗದ ವ್ಯವಸ್ಥೆ ಆದೇಶದ ಮೇಲೆ ಆದೇಶ ಹೊರಡಿಸುತ್ತ ಹೋಗುವುದು ಪರಿಹಾರವಲ್ಲ ಎಂಬುದೂ ಅಷ್ಟೇ ನಿಜ.

ಬೆಳಗಾವಿಯಲ್ಲಿ ಇದೇ ಅಧಿಕಾರದ ಬಳಕೆಗೆ ಭಾಷೆಯ ಗಡಿ ಕಾರಣ. 1986ರಲ್ಲಿ ಕನ್ನಡ ಕಡ್ಡಾಯದ ವಿರುದ್ಧ ನಡೆದ ಚಳವಳಿಯ ಸಂದರ್ಭದಲ್ಲಿ ಶಿವಸೇನೆಯ ಛಗನ್ ಭುಜಬಲ್ ನಿರ್ಬಂಧ ತಪ್ಪಿಸಿ ವೇಷ ಮರೆಸಿಕೊಂಡು ಬೆಳಗಾವಿ ಹೊಕ್ಕು ಬಂಧನಕ್ಕೊಳಗಾದರು. 2022ರ ಡಿಸೆಂಬರ್ 6ರಂದು ಬರಬೇಕಿದ್ದ ಮಹಾರಾಷ್ಟ್ರದ ಸಚಿವರಾದ ಚಂದ್ರಕಾಂತ ಪಾಟೀಲ್ ಮತ್ತು ಶಂಭುರಾಜ್ ದೇಸಾಯಿ ಅವರ ಪ್ರವೇಶವನ್ನು ಜಿಲ್ಲಾಧಿಕಾರಿ ನಿರ್ಬಂಧಿಸಿದರು. ಸಚಿವರು ಬರಲಿಲ್ಲ. ಆದರೂ ಆ ದಿನ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಮೇಲೆ ಕಲ್ಲು ಬಿದ್ದವು. ಹೊರಗಿನವರನ್ನು ತಡೆದ ಮಾತ್ರಕ್ಕೆ ಒಳಗಿನ ಕಿಚ್ಚು ಆರುವುದಿಲ್ಲ.

ವೀಸಾ ಎಂಬ ಬಾಗಿಲು

ಹೊರದೇಶದವರ ವಿಷಯದಲ್ಲಿ ಭಾರತ ಸರ್ಕಾರದ ಅಧಿಕಾರಕ್ಕೆ ಹೆಚ್ಚು ಕಡಿಮೆ ಎಲ್ಲೆಯೇ ಇಲ್ಲ. 1955ರ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಪ್ರಜೆಗಳಿಗೆ ಮಾತ್ರ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ವೀಸಾ ಕೊಟ್ಟ ಮೇಲೂ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಗಳು ವಾಪಸ್ ಕಳಿಸಬಹುದು. ಕಾರಣವನ್ನು ಬಾಯಿಬಿಟ್ಟು ಹೇಳುವ ವಾಡಿಕೆಯಿಲ್ಲ.

ಈ ಕಾನೂನು ಚಾಮರಾಜನಗರದ ಜನರಿಗೆ ಕಾಣಿಸುವುದು ಸಣ್ಣ ಕಾಗದಪತ್ರಗಳಲ್ಲಿ. ಬಂಡೀಪುರದ ಅಂಚಿನ ಮಂಗಲ, ಮೇಲುಕಾಮನಹಳ್ಳಿ ಕಡೆಯ ರೆಸಾರ್ಟ್‌ಗೆ ವಿದೇಶಿ ಪ್ರವಾಸಿ ಬಂದರೆ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ವಿವರಗಳ ನಮೂನೆ ಸಲ್ಲಿಸಬೇಕು. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟನ್ ನಿರಾಶ್ರಿತರ ವಸತಿಯಿದೆ. ಇಂಥ ವಸತಿಗಳಲ್ಲಿ ತಂಗಲು ವಿದೇಶಿಯರಿಗೆ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಆ ವಸತಿಯ ಜನ ಗುರುವೆಂದು ಪೂಜಿಸುವ ದಲೈ ಲಾಮಾ ಅವರಿಗೇ ವೀಸಾ ಸಿಗದ ಕಥೆ ಜಗತ್ತಿಗೆ ಗೊತ್ತು. 2009ರಲ್ಲಿ ದಕ್ಷಿಣ ಆಫ್ರಿಕಾ ಅವರನ್ನು ಶಾಂತಿ ಸಮ್ಮೇಳನಕ್ಕೆ ಬರಗೊಡಲಿಲ್ಲ. 2011ರಲ್ಲಿ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ 80ನೇ ಹುಟ್ಟುಹಬ್ಬಕ್ಕೆ ಹೊರಟಾಗ ಅರ್ಜಿಯನ್ನು ಎಳೆದಾಡಿ ದಿನ ಮೀರಿಸಿತು. ಈ ವಿಳಂಬ ಕಾನೂನಿಗೆ ವಿರುದ್ಧ ಎಂದು ಆ ದೇಶದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರನ್ನೇ ಚೀನಾದ ಮುನಿಸಿಗೆ ಅಂಜಿ ಹೊರಗಿಡಬಹುದಾದರೆ, ವೀಸಾ ನಿರಾಕರಣೆ ಎಂಬುದು ತನ್ನಷ್ಟಕ್ಕೆ ಯಾರ ವಿರುದ್ಧವೂ ಸಾಕ್ಷ್ಯವಲ್ಲ ಎಂದಾಯಿತು.

ಕರ್ನಾಟಕದ ಮಟ್ಟಿಗೆ ಈ ಮಾತಿಗೆ ಹತ್ತಿರದ ಉದಾಹರಣೆ ಪ್ರೊ. ನಿತಾಶಾ ಕೌಲ್ ಅವರದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಈ ಪ್ರಾಧ್ಯಾಪಕಿಯನ್ನು ರಾಜ್ಯ ಸರ್ಕಾರವೇ 2024ರ ಫೆಬ್ರವರಿ 24 ಮತ್ತು 25ರಂದು ಬೆಂಗಳೂರಿನಲ್ಲಿ ನಡೆದ ಸಂವಿಧಾನ ಮತ್ತು ರಾಷ್ಟ್ರೀಯ ಏಕತಾ ಸಮಾವೇಶಕ್ಕೆ ಆಹ್ವಾನಿಸಿತ್ತು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದು, ಸುಮಾರು ಒಂದು ದಿನ ಇರಿಸಿಕೊಂಡು ವಾಪಸ್ ಕಳಿಸಲಾಯಿತು. ವಿದೇಶಿಯರ ಪ್ರವೇಶ ಸಾರ್ವಭೌಮ ನಿರ್ಧಾರ ಎಂದು ವಿದೇಶಾಂಗ ಸಚಿವಾಲಯ ಹೇಳಿತು. ಇಂಥವರನ್ನು ಕರೆದದ್ದೇ ತಪ್ಪು ಎಂದು ಬಿಜೆಪಿಯ ರಾಜ್ಯ ಘಟಕ ರಾಜ್ಯ ಸರ್ಕಾರವನ್ನು ಟೀಕಿಸಿತು. 2025ರ ಮೇನಲ್ಲಿ ಅವರ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡನ್ನೂ ರದ್ದುಪಡಿಸಲಾಯಿತು. ಅವರ ಬರಹಗಳು ಕೇಂದ್ರ ಸರ್ಕಾರದ ಕಾಶ್ಮೀರ ನೀತಿಯನ್ನು ಕಟುವಾಗಿ ಟೀಕಿಸುತ್ತವೆ. ಟೀಕೆ ಎಷ್ಟೇ ಖಾರವಾಗಿರಲಿ, ಅದು ಹೊಡಿ, ಸುಡು, ಕೊಲ್ಲು ಎಂಬ ಕರೆಯಲ್ಲ. ಈ ಎರಡರ ನಡುವಿನ ಗೆರೆ ಅಳಿಸಿಹೋದರೆ ನಷ್ಟವಾಗುವುದು ಹಿಂಸೆಯ ವಿರುದ್ಧ ಪ್ರಾಮಾಣಿಕವಾಗಿ ಹೋರಾಡುವವರಿಗೇ.

ಭಾರತೀಯರ ವಿರುದ್ಧ ಹೊರದೇಶದಲ್ಲಿ ನಡೆದ ಅತ್ಯಂತ ಹೆಸರಾದ ವೀಸಾ ಚಳವಳಿ 2005ರದು. ಅಂದು ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರು ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘದ ಫ್ಲಾರಿಡಾ ಸಮಾವೇಶಕ್ಕೆ ಹೊರಟಿದ್ದರು. ಅಮೆರಿಕದ ಅನಿವಾಸಿ ಭಾರತೀಯರ ಹಲವು ಸಂಘಟನೆಗಳು 2002ರ ಗಲಭೆಗಳನ್ನು ಮುಂದಿಟ್ಟು ಸಂಸದರನ್ನೂ ವಿದೇಶಾಂಗ ಇಲಾಖೆಯನ್ನೂ ಸಂಪರ್ಕಿಸಿದವು. ಮಾರ್ಚ್ 18ರಂದು ಅಮೆರಿಕ ರಾಜತಾಂತ್ರಿಕ ವೀಸಾ ನಿರಾಕರಿಸಿ, ಇದ್ದ ಪ್ರವಾಸಿ ವೀಸಾವನ್ನೂ ರದ್ದು ಮಾಡಿತು. ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆಗೆ ಸಂಬಂಧಿಸಿದ ಕಲಮನ್ನು ಅದಕ್ಕೆ ಆಧಾರವಾಗಿ ಕೊಟ್ಟಿತು. ಭಾರತ ಸರ್ಕಾರ ಪ್ರತಿಭಟಿಸಿತು, ಆಗ ಕೇಂದ್ರದಲ್ಲಿದ್ದದ್ದು ಯುಪಿಎ. 2014ರಲ್ಲಿ ಪ್ರಧಾನಿಯಾದ ಮೇಲೆ ಅದೇ ದೇಶ ಅವರನ್ನು ಆದರದಿಂದ ಬರಮಾಡಿಕೊಂಡಿತು. ವಿಶೇಷ ತನಿಖಾ ತಂಡ ಅವರಿಗೆ ನೀಡಿದ್ದ ಕ್ಲೀನ್ ಚಿಟ್ಟನ್ನು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಎತ್ತಿಹಿಡಿಯಿತು. ವೀಸಾ ನಿರ್ಧಾರ ರಾಜತಾಂತ್ರಿಕ ಲೆಕ್ಕಾಚಾರದ ಕೂಸು, ನ್ಯಾಯತೀರ್ಪಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗದು.

ಬೇರೆ ದೇಶಗಳ ಅನುಭವ

ಈ ವಿಷಯದಲ್ಲಿ ಹೆಚ್ಚು ಪಳಗಿದ ದೇಶ ಬ್ರಿಟನ್. ಲಂಡನ್ನಿನ 2005ರ ಜುಲೈ ಬಾಂಬ್ ಸ್ಫೋಟಗಳಾದ ಮೇಲೆ, ಭಯೋತ್ಪಾದನೆಯನ್ನು ಸಮರ್ಥಿಸುವುದು, ಹಿಂಸೆಗೆ ಪ್ರಚೋದಿಸುವುದು, ಸಮುದಾಯಗಳ ನಡುವೆ ಹಗೆ ಬಿತ್ತುವುದು ಮುಂತಾದ ಒಪ್ಪಲಾಗದ ನಡವಳಿಕೆಗಳ ಪಟ್ಟಿಯನ್ನು ಅಲ್ಲಿನ ಗೃಹ ಇಲಾಖೆ ಪ್ರಕಟಿಸಿತು. 2010ರ ಜೂನ್‌ನಲ್ಲಿ ಗೃಹ ಕಾರ್ಯದರ್ಶಿ ತೆರೇಸಾ ಮೇ ಇದರಡಿ ಜಾಕಿರ್ ನಾಯ್ಕ್ ಅವರನ್ನು ಹೊರಗಿಟ್ಟರು. ಮೇಲ್ಮನವಿ ನ್ಯಾಯಾಲಯ 2011ರ ಕೊನೆಯಲ್ಲಿ ಅದನ್ನು ಎತ್ತಿಹಿಡಿಯಿತು.

ಇಸ್ಲಾಂ ವಿರೋಧಿ ಬರಹಗಾರರಾದ ಪಮೇಲಾ ಗೆಲ್ಲರ್ ಮತ್ತು ರಾಬರ್ಟ್ ಸ್ಪೆನ್ಸರ್ 2013ರ ಜೂನ್‌ನಲ್ಲಿ ಲಂಡನ್ನಿನ ವುಲ್‌ವಿಚ್‌ನಲ್ಲಿ ಮಾತನಾಡುವವರಿದ್ದರು. ಸೈನಿಕ ಲೀ ರಿಗ್ಬಿಯವರನ್ನು ಹಾಡಹಗಲೇ ಕೊಂದು ಹೆಚ್ಚು ದಿನ ಕಳೆದಿರದ ಊರು ಅದು. ಹೋಪ್ ನಾಟ್ ಹೇಟ್ ಎಂಬ ಸಂಘಟನೆ ಸಹಿ ಸಂಗ್ರಹಿಸಿ ಸರ್ಕಾರದ ಮುಂದಿಟ್ಟಿತು. ಇಬ್ಬರಿಗೂ ಪ್ರವೇಶ ಸಿಗಲಿಲ್ಲ. ನಾಯ್ಕ್ ಅವರಿಗೆ ಹಿಡಿದ ಅಳತೆಗೋಲನ್ನೇ ಇವರಿಗೂ ಹಿಡಿದದ್ದರಿಂದ ಬ್ರಿಟನ್ನಿನ ಪಟ್ಟಿಗೆ ಒಂದು ಮಟ್ಟದ ಗೌರವ ಉಳಿಯಿತು. ಆದರೆ ಡಚ್ ಸಂಸದ ಗೀರ್ಟ್ ವಿಲ್ಡರ್ಸ್ ಅವರನ್ನು 2009ರ ಫೆಬ್ರವರಿಯಲ್ಲಿ ವಾಪಸ್ ಕಳಿಸಿದ್ದನ್ನು ಅಲ್ಲಿನ ನ್ಯಾಯಮಂಡಳಿ ಅದೇ ಅಕ್ಟೋಬರ್‌ನಲ್ಲಿ ರದ್ದುಪಡಿಸಿತು. ಗಲಭೆಯಾದೀತು ಎಂಬ ಬರಿಯ ಊಹೆ ಸಾಲದು ಎಂಬುದು ಅದರ ಇಂಗಿತ.

ಅಮೆರಿಕದಲ್ಲಿ ಪ್ರಜೆಗಳ ವಾಕ್ ಸ್ವಾತಂತ್ರ್ಯಕ್ಕೆ ಭಾರೀ ರಕ್ಷಣೆ ಇದ್ದರೂ, ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ನೆಸ್ಟ್ ಮ್ಯಾಂಡೆಲ್ ಅವರಿಗೆ ವೀಸಾ ನಿರಾಕರಿಸಿದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1972ರಲ್ಲಿ ಸರ್ಕಾರದ ಪರ ನಿಂತಿತು. ಆಸ್ಟ್ರೇಲಿಯಾದಲ್ಲಿ ಗುಣನಡತೆಯ ಪರೀಕ್ಷೆ ವಲಸೆ ಕಾಯ್ದೆಯ ಭಾಗ. ಅಮೆರಿಕದ ಭಾಷಣಕಾರ್ತಿ ಕ್ಯಾಂಡೇಸ್ ಓವೆನ್ಸ್ ಅವರಿಗೆ 2024ರಲ್ಲಿ ವೀಸಾ ನಿರಾಕರಿಸಿದ್ದನ್ನು ಆ ದೇಶದ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು.

ಮನವಿಯ ದಾರಿ

ಗುಂಡ್ಲುಪೇಟೆಯಲ್ಲಿ ಒಂದು ಸಂಘಟನೆ ಇಂಥ ಒತ್ತಾಯಕ್ಕೆ ಮುಂದಾದರೆ ಅದರ ಮೊದಲ ಹೆಜ್ಜೆ ತಾಲ್ಲೂಕು ಕಚೇರಿ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಮನವಿ ಪತ್ರ, ಅದರ ಪ್ರತಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ. ಚಾಮರಾಜನಗರದ ಜಿಲ್ಲಾಡಳಿತ ಭವನ ತಲುಪುವ ಈ ಕಾಗದಕ್ಕೆ ಪೊಲೀಸರ ವರದಿ ಜೊತೆಯಾಗುತ್ತದೆ. 2024ರ ಜುಲೈ 1ರಿಂದ 144ನೇ ಸೆಕ್ಷನ್ನಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಇದೆ. ಆದೇಶ ಬಂದರೆ ಅದರ ಮೈಕಟ್ಟು ಗೊತ್ತಿರುವುದೇ. ಮೇಲ್ಭಾಗದಲ್ಲಿ ಉಲ್ಲೇಖವಾಗಿ ಪೊಲೀಸ್ ವರದಿಯ ಸಂಖ್ಯೆ ಮತ್ತು ದಿನಾಂಕ, ಕೆಳಗೆ ಹಿನ್ನೆಲೆಯ ಒಂದೆರಡು ಪ್ಯಾರಾ, ಇಂಥ ದಿನದ ಬೆಳಗಿನಿಂದ ಇಂಥ ದಿನದ ಮಧ್ಯರಾತ್ರಿಯವರೆಗೆ ಎಂಬ ಅವಧಿ, ನಿರ್ಬಂಧದ ವ್ಯಾಪ್ತಿ, ಕೊನೆಗೆ ಮೊಹರು ಮತ್ತು ಸಹಿ. ಜಿಲ್ಲಾ ದಂಡಾಧಿಕಾರಿಯ ಆದೇಶಕ್ಕೆ ಗರಿಷ್ಠ 2 ತಿಂಗಳ ಆಯಸ್ಸು. ರಾಜ್ಯ ಸರ್ಕಾರ ಬೇಕೆಂದರೆ ಇನ್ನೂ 6 ತಿಂಗಳವರೆಗೆ ಮುಂದುವರಿಸಬಹುದು. ಆದೇಶಕ್ಕೆ ಒಳಗಾದವರು ಅದೇ ಅಧಿಕಾರಿಯ ಮುಂದೆ ರದ್ದತಿ ಕೋರಬಹುದು, ಹೈಕೋರ್ಟಿಗೂ ಹೋಗಬಹುದು. ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಸೆಕ್ಷನ್ನಿನ ಗಡೀಪಾರು ಇದಕ್ಕಿಂತ ಬೇರೆ. ಅದು ಮುಖ್ಯವಾಗಿ ರೌಡಿಗಳ ಮೇಲೆ ಬಳಕೆಯಾಗುವ ಅಸ್ತ್ರ.

ಮನವಿಯ ಬಲ ಸಹಿಗಳ ಸಂಖ್ಯೆಯಲ್ಲಿಲ್ಲ. ಯಾವ ದಿನ, ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಏನು ಹೇಳಿದರು ಎಂಬ ಪೂರ್ತಿ ಪಠ್ಯ ಬೇಕು. ಕತ್ತರಿಸಿ ಅಂಟಿಸಿದ ಅರ್ಧ ನಿಮಿಷದ ತುಣುಕು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಭಾಷಣ ತಮಿಳಿನದೋ ಮಲಯಾಳದ್ದೋ ಹಿಂದಿಯದೋ ಆದರೆ ಮೂಲದ ಜೊತೆ ನಂಬಬಹುದಾದ ಕನ್ನಡ ಅನುವಾದ ಬೇಕು. ದಾಖಲಾದ ಎಫ್‌ಐಆರ್ ಯಾವುದು, ಆರೋಪಪಟ್ಟಿ ಸಲ್ಲಿಕೆಯಾಗಿದೆಯೇ, ಖುಲಾಸೆಯಾಗಿದೆಯೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮಾತಿಗೂ ಅನಂತರದ ಹಲ್ಲೆ, ಬೆಂಕಿಗೂ ನಡುವಿನ ನಂಟನ್ನು ತೋರಿಸಬೇಕು. ಬರುವವರು ವಿದೇಶಿಯರಾದರೆ ಇದೇ ಕಡತ ಕೇಂದ್ರ ಗೃಹ ಸಚಿವಾಲಯಕ್ಕೂ ಬೆಂಗಳೂರಿನ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೂ ಹೋಗಬೇಕು.

ಅಧಿಕಾರಿಯ ಕೈಯಲ್ಲಿ ನಿಷೇಧಕ್ಕಿಂತ ಹಗುರವಾದ ಉಪಾಯಗಳೂ ಇವೆ: ಸಂಘಟಕರಿಂದ ಶಾಂತಿಪಾಲನೆಯ ಮುಚ್ಚಳಿಕೆ ಬರೆಸಿಕೊಳ್ಳುವುದು, ಷರತ್ತಿನ ಅನುಮತಿ, ಇಡೀ ಭಾಷಣವನ್ನು ಪೊಲೀಸರೇ ಚಿತ್ರೀಕರಿಸುವುದು. ದ್ವೇಷ ಭಾಷಣ ಕಂಡರೆ ದೂರಿಗೆ ಕಾಯದೆ ತಾವೇ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಈ ಸೂಚನೆ ಚಾಚೂತಪ್ಪದೆ ಜಾರಿಯಾದರೆ ನಿಷೇಧಾಜ್ಞೆ ಬೇಕಾಗುವ ಸಂದರ್ಭಗಳೇ ಕಡಿಮೆಯಾದಾವು.

ಪೊಲೀಸ್ ವರದಿಯನ್ನು ಕಣ್ಣುಮುಚ್ಚಿ ನಕಲು ಮಾಡಿದ ಆದೇಶಕ್ಕೆ ಬೆಲೆಯಿಲ್ಲ ಎಂಬುದು ಕರ್ನಾಟಕ ಹೈಕೋರ್ಟಿನ 2020ರ ಫೆಬ್ರವರಿಯ ತೀರ್ಪಿನಿಂದ ಖಚಿತವಾಗಿದೆ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗಳ ಸಮಯದಲ್ಲಿ, 2019ರ ಡಿಸೆಂಬರ್ 18ರಂದು, ಬೆಂಗಳೂರಿನಲ್ಲಿ ಹೇರಿದ್ದ ನಿಷೇಧಾಜ್ಞೆಯನ್ನು ಅದು ಕಾನೂನುಬಾಹಿರ ಎಂದಿತು. ಆ ಆದೇಶ ಜಾರಿಯಲ್ಲಿದ್ದಾಗ ಪುರಭವನದ ಮುಂದೆ ಫಲಕ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಪೊಲೀಸರು ವಶಕ್ಕೆ ಪಡೆದಿದ್ದರು.

ಜನರ ಒತ್ತಡ ಮತ್ತು ಅದರ ಎಲ್ಲೆ

ಸರ್ಕಾರದ ಆದೇಶವಿಲ್ಲದೆ ಬೀದಿಯ ಒತ್ತಡದಿಂದಲೇ ಬಾಗಿಲು ಮುಚ್ಚುವ ಚಳವಳಿಗಳು ಕರ್ನಾಟಕಕ್ಕೆ ಹೊಸತಲ್ಲ. ಚಾಮರಾಜನಗರದಿಂದ ವಿಧಾನಸಭೆಗೆ ಆರಿಸಿ ಬಂದಿದ್ದ ವಾಟಾಳ್ ನಾಗರಾಜ್ 2017ರಲ್ಲಿ ಬಾಹುಬಲಿ ಚಿತ್ರದ ಎರಡನೆಯ ಭಾಗದ ಬಿಡುಗಡೆಯನ್ನು ವಿರೋಧಿಸಿದ್ದು ತಮಿಳು ನಟ ಸತ್ಯರಾಜ್ ಕಾವೇರಿ ವಿವಾದದ ವೇಳೆ ಆಡಿದ್ದ ಹಳೆಯ ಮಾತಿಗಾಗಿ. ನಟ ಏಪ್ರಿಲ್‌ನಲ್ಲಿ ವಿಷಾದ ವ್ಯಕ್ತಪಡಿಸಿದರು, ಚಿತ್ರ ತೆರೆಕಂಡಿತು. 2025ರಲ್ಲಿ ಕಮಲ್ ಹಾಸನ್ ಅವರು ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬ ಅರ್ಥದ ಮಾತಾಡಿದಾಗ ಅವರ ಥಗ್ ಲೈಫ್ ಚಿತ್ರಕ್ಕೆ ರಾಜ್ಯದಲ್ಲಿ ತಡೆ ಬಂತು. ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪಿನ ಬೆದರಿಕೆಗೆ ಹೆದರಿ ನಿಲ್ಲಿಸಲಾಗದು ಎಂದು ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನ್ನಡಿಗರಿಗೆ ಆ ಮಾತಿನಿಂದ ನೋವಾದದ್ದು ಸಹಜ, ಇತಿಹಾಸದ ದೃಷ್ಟಿಯಿಂದಲೂ ಆ ಮಾತು ತಪ್ಪು. ಅದಕ್ಕೆ ಉತ್ತರ ಹಲ್ಮಿಡಿ ಶಾಸನದ ಕಾಲದಿಂದ ಬಂದ ನಮ್ಮ ದಾಖಲೆಗಳಲ್ಲಿದೆ. ಮನಸ್ಸಿಗೆ ನೋವು ತಂದ ಮಾತನ್ನೂ ಪ್ರಾಣಕ್ಕೆ ಎರವಾಗುವ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಚಳವಳಿ, ನಿಜವಾದ ಹಿಂಸೆಯ ಕರೆ ಬಂದ ದಿನ ತನ್ನ ಮಾತಿಗೆ ಬೆಲೆ ಉಳಿಸಿಕೊಂಡಿರುವುದಿಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿ ಮತ್ತು ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಹಂತಕರ ಗುಂಡಿಗೆ ಕಳೆದುಕೊಂಡ ನಾಡಿನಲ್ಲಿ ಆ ಬೆಲೆ ಉಳಿಯಲೇಬೇಕು.

ರಾಜ್ಯ ಸರ್ಕಾರ 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ಮಂಡಿಸಿ, ವಿರೋಧ ಪಕ್ಷಗಳ ಗದ್ದಲದ ನಡುವೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಇದು ದಮನದ ಅಸ್ತ್ರವಾಗುತ್ತದೆ ಎಂಬುದು ವಿರೋಧಿಗಳ ಆತಂಕ. ಇರುವ ಕಾನೂನುಗಳು ಸಾಲವು ಎಂಬುದು ಸರ್ಕಾರದ ಸಮರ್ಥನೆ. ಭಾಷಣ ಆದ ಮೇಲೆ ಶಿಕ್ಷಿಸುವ ಇಂಥ ಕಾನೂನಿಗೂ, ಭಾಷಣಕ್ಕೆ ಮೊದಲೇ ತಡೆಯುವ ನಿಷೇಧಾಜ್ಞೆ ಮತ್ತು ವೀಸಾ ನಿರಾಕರಣೆಗೂ ಇರುವ ಅಂತರ ದೊಡ್ಡದು. ಶಿಕ್ಷೆಗೆ ಮೊದಲು ವಿಚಾರಣೆ ಇದೆ, ಸಾಕ್ಷಿ ಇದೆ, ಆರೋಪಿಯ ವಕೀಲರಿಗೆ ಎದುರುಪ್ರಶ್ನೆ ಕೇಳುವ ಹಕ್ಕಿದೆ. ಪುಣಜನೂರು ಚೆಕ್‌ಪೋಸ್ಟ್‌ನಲ್ಲಾಗಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಾಗಲಿ ತಡೆಯಲ್ಪಟ್ಟವರಿಗೆ ಆ ಕ್ಷಣದಲ್ಲಿ ಇವು ಯಾವುವೂ ಸಿಗುವುದಿಲ್ಲ. ಆದ್ದರಿಂದಲೇ ಮುಂಚಿತವಾಗಿ ತಡೆಯುವ ಆದೇಶದಲ್ಲಿ ಕಾರಣಗಳು ಲಿಖಿತವಾಗಿ, ವಿವರವಾಗಿ ಇರಬೇಕೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಕೇಳುತ್ತಿವೆ. ಮನವಿ ಸಲ್ಲಿಸುವವರೂ ಜಿಲ್ಲಾಡಳಿತದಿಂದ ಅದನ್ನೇ ಕೇಳಬೇಕು.